ಅಜ್ಜಿ ನೀರು ನೋಡಿ ಕಳಿಸುತ್ತಿದ್ದ ಬೇಸಿಗೆಗಳು

ತೊಗರಿಬೇಳೆ ಮೊದಲ ಕುದಿಗೆ ಬರುವಾಗ ಒಂದು ವಾಸನೆ ಏಳುತ್ತದೆ. ಅರಿಸಿನ, ಒಂದು ತೊಟ್ಟು ಹರಳೆಣ್ಣೆ, ಬೇಳೆಯ ಹಸಿತನ, ಮೂರೂ ಬೆರೆತ ವಾಸನೆ. ಕುಕ್ಕರು ಬಂದ ಮೇಲೆ ಅದು ಮುಚ್ಚಳದೊಳಗೇ ಉಳಿದುಹೋಗಿದೆ. ಆದರೂ ಯಾರದೋ ಮದುವೆಗೆ ಹೋದಾಗ, ಛತ್ರದ ಹಿಂಭಾಗದಲ್ಲಿ ದೊಡ್ಡ ಪಾತ್ರೆಗೆ ಬೇಳೆ ಹಾಕಿದ ಅಡುಗೆಯವರ ಹತ್ತಿರ ಹಾದುಹೋದರೆ, ನಾನು ಅಲ್ಲೇ ನಿಂತುಬಿಡುತ್ತೇನೆ. ಎಲ್ಲರಿಗೂ ಹಸಿವು ತರುವ ವಾಸನೆ ನನಗೆ ಹೆದರಿಕೆ ತರುತ್ತದೆ. ಬೆಂದೀತೋ, ಬೇಯದೆ ಉಳಿದೀತೋ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದ ಆ ಮಕ್ಕಳಲ್ಲಿ ಒಬ್ಬಳು ಇನ್ನೂ ನನ್ನೊಳಗೆ ಕೂತಿದ್ದಾಳೆ. ಐವತ್ತು ದಾಟಿದ ಹೆಂಗಸು ಪಾತ್ರೆಯೊಳಗೆ ಬಗ್ಗಿ ನೋಡುವುದನ್ನು ಕಂಡು ಅಡುಗೆಯವರು ಏನು ಬೇಕಮ್ಮಾ ಎನ್ನುತ್ತಾರೆ. ಏನಿಲ್ಲ ಎಂದು ಮುಂದೆ ಹೋಗುತ್ತೇನೆ.

ನಾವು ಇದ್ದದ್ದು ತುಮಕೂರಿನಲ್ಲಿ, ನಲ್ಲಿ ನೀರಿನ ಬಾಡಿಗೆ ಮನೆಯಲ್ಲಿ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಆದರೆ ನಮ್ಮ ಮನೆ ಯಾವುದು ಎಂದು ಯಾರಾದರೂ ಕೇಳಿದರೆ ನಾನೂ ಅಕ್ಕನೂ ಗುಬ್ಬಿ ಎನ್ನುತ್ತಿದ್ದೆವು. ಗುಬ್ಬಿಯ ಪೇಟೆಯಲ್ಲಿ ಅಜ್ಜಿಯ ಮನೆ. ಬೀದಿಗೆ ಜಗಲಿ, ಒಳಗೆ ಕತ್ತಲೆಯ ನಡುಮನೆ, ನಡುಮನೆಯ ಮೂಲೆಯಲ್ಲಿ ಕೊಬ್ಬರಿ ಚೀಲಗಳು, ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಕಲ್ಲುಕಟ್ಟೆಯ ಬಾವಿ. ತಾತ ತೀರಿಕೊಂಡ ಮೇಲೆ ಕೊಬ್ಬರಿ ವ್ಯಾಪಾರ ನಿಂತಿತ್ತು, ಆದರೆ ಆ ಮೂಲೆಯ ಎಣ್ಣೆಜಿಡ್ಡಿನ ವಾಸನೆ ನಿಂತಿರಲಿಲ್ಲ. ಅಲ್ಲಿ ಇದ್ದವರು ಇಬ್ಬರೇ, ಅಜ್ಜಿ ಹೊನ್ನಮ್ಮ ಮತ್ತು ಅವಳ ಕಿರಿಯ ಮಗ ರುದ್ರಪ್ಪ, ನಮ್ಮ ಚಿಕ್ಕಪ್ಪ. ಇಬ್ಬರೇ ಇದ್ದರೂ ಮನೆ ತುಂಬ ಸದ್ದು. ಅಜ್ಜಿ ಬೆಳಗಿನಿಂದ ಬೈಯುತ್ತಿದ್ದಳು. ಚಿಕ್ಕಪ್ಪನನ್ನು, ಬೆಕ್ಕನ್ನು, ಬಿಸಿಲನ್ನು, ಸೌದೆಯನ್ನು, ತೀರಿಹೋದ ತಾತನನ್ನು. ಆ ಬೈಗುಳಕ್ಕೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅಜ್ಜಿ ಬೈಯುತ್ತಿದ್ದಾಳೆ ಎಂದರೆ ಮನೆ ಸರಿಯಾಗಿದೆ ಎಂದು ಅರ್ಥ.

ಅಜ್ಜಿಗೆ ಒಬ್ಬ ಅಕ್ಕ ಇದ್ದಳಂತೆ. ಅವಳನ್ನು ಯಾವುದೋ ಬಯಲು ಸೀಮೆಯ ಹಳ್ಳಿಗೆ ಕೊಟ್ಟರಂತೆ. ಮನೆತನ ನೋಡಿದರು, ಹೊಲ ನೋಡಿದರು, ಹುಡುಗನ ಹಲ್ಲೂ ನೋಡಿದರು, ಬಾವಿ ನೋಡಲಿಲ್ಲ. ಆ ಊರಿನ ನೀರಿಗೆ ಹೊಟ್ಟೆ ಕೆಟ್ಟು ಅವಳು ವರ್ಷ ತುಂಬುವಷ್ಟರಲ್ಲಿ ಹೋಗಿಬಿಟ್ಟಳು. ಅಂದಿನಿಂದ ಅಜ್ಜಿಯ ತಾಯಿ ಒಂದು ಪದ್ಧತಿ ಮಾಡಿದಳು. ಹೆಣ್ಣು ಕೊಡುವ ಮೊದಲು ಗಂಡಿನ ಊರಿನ ಬಾವಿಯ ನೀರು ತರಿಸಿ, ಅದರಲ್ಲಿ ತೊಗರಿಬೇಳೆ ಬೇಯಿಸಿ ನೋಡುವುದು. ಬೆಂದರೆ ಮಾತುಕತೆ, ಬೇಯದಿದ್ದರೆ ಎಂಥ ಶ್ರೀಮಂತನಾದರೂ ದೂರದಿಂದಲೇ ಶರಣು. ನಮ್ಮ ಅಮ್ಮನನ್ನು ಕುಣಿಗಲಿನಿಂದ ತಂದುಕೊಂಡರಲ್ಲ, ಸೊಸೆ ತರುವಾಗ ನೀರು ನೋಡುವ ಅಗತ್ಯವಿಲ್ಲ. ಆದರೂ ಅಜ್ಜಿ ತಾನೇ ಒಂದು ತಂಬಿಗೆ ನೀರನ್ನು ಬೀಗರ ಮನೆಗೆ ಕಳಿಸಿದ್ದಳಂತೆ, ಬೇಕಾದರೆ ನೀವೂ ಬೇಯಿಸಿ ನೋಡಿಕೊಳ್ಳಿ ಎಂದು. ಅಮ್ಮ ಇದನ್ನು ಹೇಳಿಕೊಂಡು ನಗುತ್ತಿದ್ದಳು. ಅವಳು ಅತ್ತೆಯ ಬಗ್ಗೆ ನಗುತ್ತ ಹೇಳುತ್ತಿದ್ದ ಕಾಲ ಅದು.

ಬೇಸಿಗೆ ಶಿಬಿರ ಎಂಬುದನ್ನು ನಮ್ಮ ಮನೆಗೆ ತಂದವನು ಚಿಕ್ಕಪ್ಪ. ಅವನು ಹೈಸ್ಕೂಲಿನಲ್ಲಿ ಮೇಷ್ಟ್ರು. ಎಪ್ಪತ್ತರ ದಶಕದ ಕೊನೆಗೆ ನಮ್ಮ ಕಡೆ ಇಂಥ ಶಿಬಿರಗಳು ಅಲ್ಲಲ್ಲಿ ಆಗುತ್ತಿದ್ದವು. ಮಠದವರು ಮಾಡುತ್ತಿದ್ದರು, ಸ್ಕೌಟಿನವರು ಮಾಡುತ್ತಿದ್ದರು, ಉತ್ಸಾಹವಿದ್ದ ಮೇಷ್ಟ್ರುಗಳು ಕೂಡಿಕೊಂಡು ರಜೆಯಲ್ಲಿ ಖಾಲಿ ಬಿದ್ದ ಶಾಲೆಗಳಲ್ಲಿ ಮಾಡುತ್ತಿದ್ದರು. ಮಕ್ಕಳು ಚಾಪೆ, ತಟ್ಟೆ, ಲೋಟ ತೆಗೆದುಕೊಂಡು ಹೋಗಿ ಹತ್ತು ಹದಿನೈದು ದಿನ ಅಲ್ಲೇ ಇರಬೇಕು. ಶಿವರಾತ್ರಿ ಕಳೆಯುತ್ತಲೇ ಚಿಕ್ಕಪ್ಪ ಎರಡು ಮೂರು ಶಿಬಿರಗಳ ಸುದ್ದಿ ಹೊತ್ತು ತರುತ್ತಿದ್ದ. ಅಜ್ಜಿ ಮೊದಲ ಸಲ ಕೇಳಿದಾಗ ಕೇಳಿದ್ದು ಒಂದೇ ಪ್ರಶ್ನೆ.

"ನೀರು ಎಂಗದೆ ಅಲ್ಲಿ?"

"ಅವ್ವ, ಮದುವೆ ಮಾಡಿ ಕಳಿಸ್ತಾ ಇಲ್ಲ. ಹದಿನೈದು ದಿನಕ್ಕೆ ವಾಪಸ್ ಬತ್ತವೆ."

"ಎಲ್ಡು ದಿನ ಕಳ್ಸಿದ್ರೂ ಕಳ್ಸಿದಂಗೆ ಕಣ್ಲಾ. ಹೋಗಿ ನೀರ್ ತಗಂಬಾ."

ಹಾಗೆ ಅದು ಮನೆಯ ಕ್ರಮವಾಯಿತು. ಬೇಸಿಗೆ ರಜೆಗೆ ನಾವೆಲ್ಲ ಗುಬ್ಬಿಗೆ ಬಂದಿರುತ್ತಿದ್ದೆವು. ಮುಚ್ಚಳವಿದ್ದ ಹಿತ್ತಾಳೆಯ ಹಾಲಿನ ಕ್ಯಾನು ಹಿಡಿದು ಚಿಕ್ಕಪ್ಪ ಶಿಬಿರ ನಡೆಯುವ ಊರಿಗೆ ಹೋಗಿ, ಅಲ್ಲಿ ಮಕ್ಕಳು ಯಾವ ಬಾವಿಯ ನೀರು ಕುಡಿಯುತ್ತಾರೋ ಅದರಿಂದಲೇ ತುಂಬಿಸಿಕೊಂಡು ಬರಬೇಕು. ಬಸ್ಸಿನಲ್ಲಿ ಹಾಲು ಕೊಡ್ತೀರಾ ಸ್ವಾಮಿ ಎಂದು ಕೇಳಿದವರಿದ್ದರಂತೆ. ನೀರು ಎಂದರೆ ನಂಬದೆ, ಮುಚ್ಚಳ ತೆಗೆಸಿ ನೋಡಿದ ಕಂಡಕ್ಟರೂ ಒಬ್ಬ ಇದ್ದನಂತೆ. ಚಿಕ್ಕಪ್ಪ ಇದೆಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಮಾರನೆಯ ಬೆಳಗ್ಗೆ ಮಾತ್ರ ಯಾರೂ ನಗುತ್ತಿರಲಿಲ್ಲ. ಅಜ್ಜಿ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಒಲೆ ಹಚ್ಚುತ್ತಿದ್ದಳು. ಕ್ಯಾನಿನ ನೀರನ್ನು ಮೊದಲು ಬೊಗಸೆಯಲ್ಲಿ ಹಿಡಿದು ಒಂದು ಗುಟುಕು ಬಾಯಿಗೆ ಹಾಕಿಕೊಂಡು ತಿರುಗಿಸಿ ನುಂಗುತ್ತಿದ್ದಳು. ಬಾಯಿಗೆ ಏನು ಗೊತ್ತಾಯಿತೋ ಹೇಳುತ್ತಿರಲಿಲ್ಲ, ಅವಳ ಪ್ರಕಾರ ಬಾಯಿ ಸುಳ್ಳು ಹೇಳಬಹುದು, ಒಲೆ ಹೇಳುವುದಿಲ್ಲ. ಬೇಳೆ ಹಾಕಿ ತಾನು ಲಿಂಗಪೂಜೆಗೆ ಕೂರುತ್ತಿದ್ದಳು. ಪೂಜೆ ಮುಗಿದು ಎದ್ದಾಗ ಒಂದು ಬೇಳೆಯನ್ನು ತೆಗೆದು ಬೆರಳ ನಡುವೆ ಹಿಸುಕಬೇಕು, ಅದು ಬೆಣ್ಣೆಯಂತೆ ಹರಡಬೇಕು. ಅಲ್ಲಿಯವರೆಗೆ ನಾನೂ ಅಕ್ಕನೂ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿರುತ್ತಿದ್ದೆವು. ಒಳಗೆ ಕಾಲಿಡುವಂತಿಲ್ಲ, ಉರಿ ಮುಂದೆ ತಳ್ಳುವಂತಿಲ್ಲ, ಅಜ್ಜೀ ಆಯ್ತಾ ಎಂದು ಕೇಳುವಂತಿಲ್ಲ. ಅಮ್ಮ ಒಮ್ಮೆ, ಮಕ್ಕಳಿಗೆ ಎಲ್ಲಿಗೆ ಹೋಗೋಕೆ ಆಸೆ ಅಂತ ಕೇಳೋಣ ಅತ್ತೆ ಎಂದಿದ್ದಕ್ಕೆ ಅಜ್ಜಿ, ಕೋಳೀನ ಕೇಳಿ ಖಾರ ಅರೀತಾರೇನವ್ವ ಎಂದಿದ್ದಳು. ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಈ ಗಾದೆ ಆಡುತ್ತಿದ್ದವಳು ಅವಳೊಬ್ಬಳೇ. ಬೆಂದ ಬೇಳೆಯಿಂದ ಆ ಮಧ್ಯಾಹ್ನ ಸಾರು ಮಾಡಿ, ಮನೆಯವರೆಲ್ಲ ಸಾಲಾಗಿ ಕೂತು ಉಣ್ಣಬೇಕು. ಅದು ಆ ಊರಿನ ಋಣ ಒಪ್ಪಿಕೊಂಡ ಹಾಗೆ.

ದೇವರಾಯನದುರ್ಗದ ಶಿಬಿರಕ್ಕೆ ಹೋದದ್ದು ಹೀಗೆ. ಕಾಡಿನಲ್ಲಿ ನೆಲದಿಂದ ಉಕ್ಕುವ ಊಟೆಯ ನೀರಲ್ಲಿ ಬೇಳೆ ಕರಗಿಯೇ ಹೋಗಿತ್ತು. ಅಜ್ಜಿ ಆ ಸಲ ಬೈಗುಳವನ್ನೇ ಮರೆತು, ಹೋಗ್ಬನ್ನಿ, ನಾನೂ ಬರಂಗಿದ್ರೆ ಬತ್ತಿದ್ದೆ ಎಂದಿದ್ದಳು. ಬೆಟ್ಟದ ತಂಪಿನಲ್ಲಿ ಅಕ್ಕ ಹಾಡು ಕಲಿತಳು, ನಾನು ಮಂಗಗಳಿಗೆ ಹೆದರಿ ಅತ್ತೆ. ಮರುವರ್ಷ ಮಾರ್ಕೋನಹಳ್ಳಿ ಜಲಾಶಯದ ಹತ್ತಿರದ ಶಿಬಿರ, ಅಲ್ಲಿಯ ನೀರೂ ಗೆದ್ದಿತು. ಆದರೆ ಒಂದು ವರ್ಷ ಬೇಳೆ ಕಲ್ಲಾಗಿ ಉಳಿಯಿತು. ಅಜ್ಜಿ ಪೂಜೆಯಿಂದ ಎದ್ದು ಹಿಸುಕಿದಳು, ಬೇಳೆ ಬೆರಳಿನಿಂದ ಜಾರಿ ನೆಲದಲ್ಲಿ ಟಣ್ಣನೆ ಹಾರಿತು. ಅವಳು ಪಾತ್ರೆಯನ್ನು ಹಿತ್ತಿಲಿಗೆ ಒಯ್ದು ಸುರಿದುಬಿಟ್ಟಳು. ಅಕ್ಕ ಅಂದು ಊಟ ಮಾಡಲಿಲ್ಲ. ಆ ಶಿಬಿರಕ್ಕೆ ಹೋದ ನಮ್ಮ ಬೀದಿಯ ಮಕ್ಕಳೆಲ್ಲ ಕೆನ್ನೆ ತುಂಬಿಕೊಂಡು ದುಂಡಗೆ ಬಂದರು. ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ, ನಮ್ಮ ಅವ್ವಂದೂ ಹಂಗೇ ಎಂದು ಅಪ್ಪ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಅವನು ಅಕ್ಕನ ಮುಖವನ್ನೇ ನೋಡುತ್ತಿದ್ದ. ಎಲ್ಲ ಕೆಡುಕೂ ಆ ದಿನವೇ ಶುರುವಾಯಿತೇನೋ ಎಂದು ನನಗೆ ಈಗ ಅನ್ನಿಸುತ್ತದೆ.

ನನ್ನ ಅಕ್ಕ ಸರೋಜ. ಮನೆಯವರಿಗೆಲ್ಲ ಪುಟ್ಟಿಯಾಗಿದ್ದ ನನಗಿಂತ ನಾಲ್ಕು ವರ್ಷ ದೊಡ್ಡವಳು. ಎರಡು ಜಡೆಯನ್ನು ಮಡಿಸಿ ಕಟ್ಟಿ, ನಡೆಯುವಾಗಲೂ ಏನಾದರೂ ಗುನುಗುತ್ತಾ ಇರುತ್ತಿದ್ದಳು. ಅವಳು ಏಳನೆಯ ಕ್ಲಾಸು ಮುಗಿಸಿದ ಬೇಸಿಗೆ ಅದು, ಎಂಬತ್ತರ ದಶಕದ ಆರಂಭ. ಮಗು ದೊಡ್ಡೋಳಾದ ಮೇಲೆ ಶಿಬಿರ ಗಿಬಿರ ಏನೂ ಇಲ್ಲ, ಇದೇ ಕೊನೆ ಎಂದು ಅಜ್ಜಿ ಮೊದಲೇ ಹೇಳಿಟ್ಟಿದ್ದಳು. ಅಮ್ಮನೂ ಹೂಂ ಎಂದಿದ್ದಳು. ಅಕ್ಕನಿಗೆ ಅದು ಗೊತ್ತಿತ್ತು. ಆ ವರ್ಷ ನಮಗೆ ಹೊಂದುವ ದಿನಗಳಲ್ಲಿ ಇದ್ದದ್ದು ಒಂದೇ ಶಿಬಿರ, ಹುತ್ರಿದುರ್ಗದ ಕಡೆ ಒಂದು ಹಳ್ಳಿಯ ಶಾಲೆಯಲ್ಲಿ. ಕೋಟೆ ಹತ್ತಿಸುತ್ತಾರಂತೆ, ನಾಟಕ ಆಡಿಸುತ್ತಾರಂತೆ, ಕೊನೆಯ ಸಂಜೆ ಊರವರ ಮುಂದೆ ಆಡಬೇಕಂತೆ. ಅಕ್ಕ ಕನ್ನಡಿಯ ಮುಂದೆ ರಾಣಿಯ ಹಾಗೆ ಕತ್ತು ಎತ್ತಿ ನಿಲ್ಲುವುದನ್ನು ಅಭ್ಯಾಸ ಮಾಡಿಬಿಟ್ಟಿದ್ದಳು. ಇನ್ನೂ ನೀರೇ ಬಂದಿರಲಿಲ್ಲ.

"ಈ ಸಲ ಬೇಯುತ್ತೆ ಅಲ್ವಾ ಚಿಕ್ಕಪ್ಪ?" ಎಂದು ಅವಳು ಕ್ಯಾನು ಕೊಡುವಾಗ ಕೇಳಿದಳು.

"ಬೇಯ್ದೆ ಎಲ್ಲೋಗ್ತದೆ, ಬುಡು" ಎಂದ ಚಿಕ್ಕಪ್ಪ.

ಅವನು ಮರುದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದ ಹೊತ್ತಿಗೆ ಬಂದ. ಯಾವಾಗಲೂ ಜಗಲಿ ಹತ್ತುವಾಗಲೇ ಬಸ್ಸಿನ ಕತೆ ಶುರುಮಾಡುತ್ತಿದ್ದವನು ಅಂದು ಕ್ಯಾನನ್ನು ಅಡುಗೆಮನೆಯಲ್ಲಿಟ್ಟು, ಬಿಸಿಲು ಹೊಡೀತು ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ನಾವು ಪೀಡಿಸಿದರೂ ಕತೆ ಹೇಳಲಿಲ್ಲ. ಬೆಳಗ್ಗೆ ಅಜ್ಜಿ ಒಲೆಯ ಮುಂದೆ ಕೂತು ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ಹಾಕಿಕೊಂಡಳು. ನುಂಗಲಿಲ್ಲ. ಬಹಳ ಹೊತ್ತು ಹಾಗೇ ಇದ್ದಳು. ಕೆನ್ನೆ ಉಬ್ಬಿದ ಅಜ್ಜಿಯನ್ನು ನೋಡಿ ನನಗೆ ನಗು ಬಂತು, ಅಕ್ಕ ತೊಡೆಗೆ ಚಿವುಟಿದಳು. ಅಜ್ಜಿ ನಡುಮನೆಯಲ್ಲಿ ನಿಂತಿದ್ದ ಚಿಕ್ಕಪ್ಪನನ್ನು ನೋಡಿದಳು. ಅವನು ಕೊಬ್ಬರಿ ಚೀಲದ ಹುರಿ ಬಿಚ್ಚುತ್ತಿದ್ದ, ಖಾಲಿ ಚೀಲದ ಹುರಿ. ಆಮೇಲೆ ಹೊಸ್ತಿಲಲ್ಲಿದ್ದ ಅಕ್ಕನನ್ನು ನೋಡಿದಳು. ಅಕ್ಕ ಕೈ ಮುಗಿದುಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಅಜ್ಜಿ ನೀರು ನುಂಗಿ ಬೇಳೆ ಹಾಕಿದಳು. ಪೂಜೆ ಮುಗಿಸಿ ಬಂದು ಹಿಸುಕಿದಾಗ ಬೇಳೆ ಬೆಣ್ಣೆಯಾಗಿತ್ತು.

"ಬೆಂದದೆ. ಕಳಿಸ್ರಿ" ಎಂದಳು.

ಅಕ್ಕ ಹಿತ್ತಿಲಿಗೆ ಓಡಿ ಬಾವಿಕಟ್ಟೆಯ ಸುತ್ತ ಕುಣಿದಳು. ಮಧ್ಯಾಹ್ನ ಸಾರಾಯಿತು, ಎಲ್ಲರೂ ಉಂಡೆವು. ಅಜ್ಜಿ ಮಾತ್ರ, ಹಸಿವಿಲ್ಲ, ಒಪ್ಪತ್ತು ಬುಡ್ತೀನಿ ಎಂದು ಎದ್ದುಹೋದಳು. ಆ ದಿನ ಸಂಜೆಯವರೆಗೂ ಅವಳು ಯಾರನ್ನೂ ಬೈಯಲಿಲ್ಲ. ನಾವು ಹೊರಟ ದಿನ, ಎಂದೂ ಜಗಲಿ ದಾಟಿ ಬೀಳ್ಕೊಡದವಳು ಬಸ್ ಸ್ಟ್ಯಾಂಡಿನವರೆಗೂ ಬಂದಳು. ಅಮ್ಮ ಹುರಿಹಿಟ್ಟು, ಚಟ್ನಿಪುಡಿ ಕಟ್ಟಿದ್ದಳು. ಅಜ್ಜಿ ಅಕ್ಕನ ಕೈಗೆ ವಿಭೂತಿ ಗಟ್ಟಿ ಕೊಟ್ಟು, ನೀರು ಕಾಯ್ಸಿ ಕೊಡಿ ಅಂತ ಕೇಳಿ ಕುಡೀರಿ ಎಂದಳು. ಹಿಂದಿನ ಯಾವ ವರ್ಷವೂ ಅವಳು ಹಾಗೆ ಹೇಳಿರಲಿಲ್ಲ. ಬೇಳೆ ಬೆಂದ ನೀರನ್ನು ಕಾಯಿಸುವುದೇತಕ್ಕೆ ಎಂದು ಅಮ್ಮ ಕೇಳಿದಳು. ಬಸ್ಸು ಹೊರಟಿತ್ತು.

ಶಾಲೆಯ ಕಟ್ಟಡ ಊರ ಹೊರಗಿತ್ತು. ಹಿಂದೆ ಕೋಟೆಯ ಬೆಟ್ಟ, ಸುತ್ತಿನ ಮೇಲೆ ಸುತ್ತು ಗೋಡೆ. ಸಂಜೆಯಾದರೆ ಬೆಟ್ಟದ ನೆರಳು ಶಾಲೆಯ ಮೇಲೆ ಬೀಳುತ್ತಿತ್ತು, ಆದರೆ ತಂಪಾಗುತ್ತಿರಲಿಲ್ಲ. ಬಂಡೆ ಹಗಲೆಲ್ಲ ಕುಡಿದ ಬಿಸಿಯನ್ನು ನಮ್ಮ ಮೇಲೆ ಉಗುಳುತ್ತಿತ್ತು. ಮೊದಲ ಬೆಳಗ್ಗೆಯೇ ಬಾವಿಯ ಹತ್ತಿರ ಕೈಗೆ ಸೋಪು ಹಚ್ಚಿದೆ, ಎಷ್ಟು ತಿಕ್ಕಿದರೂ ನೊರೆ ಬರಲಿಲ್ಲ. ಬಾಯಿಗೆ ಹಾಕಿದರೆ ಸವಳು, ನಾಲಿಗೆಯ ಮೇಲೆ ಸುಣ್ಣ ಮೆತ್ತಿದ ಹಾಗೆ. ಮಧ್ಯಾಹ್ನ ಅಡುಗೆಯಾತ ಪಾತ್ರೆಯ ಮುಂದೆ ಕೂತು ಗೊಣಗುತ್ತಿದ್ದ, ಈ ದರಿದ್ರ ನೀರಲ್ಲಿ ಬೇಳೆ ಬೇಯಿಸೋಕೆ ಒಂದು ಗಾಡಿ ಸೌದೆ ಬೇಕು, ಸೋಡಾ ಹಾಕ್ದಿದ್ರೆ ಕಲ್ಲೇ ಗತಿ. ನಾನು ಅಕ್ಕನ ಮುಖ ನೋಡಿದೆ. ಅವಳು ಲೋಟ ಕೈಯಲ್ಲಿ ಹಿಡಿದು ನಿಂತುಬಿಟ್ಟಿದ್ದಳು.

"ಅಕ್ಕ, ಮತ್ತೆ ಅಜ್ಜಿ ಒಲೇಲಿ ಹೇಗೆ ಬೆಂತು?"

ಅವಳು ಲೋಟದ ನೀರನ್ನು ನೋಡಿದಳು. ಆಮೇಲೆ ಅವಳ ಮುಖದಲ್ಲಿ ಮೆಲ್ಲಗೆ ಒಂದು ನಗು ಮೂಡಿತು. ಯಾರೋ ತನಗಾಗಿ ಏನನ್ನೋ ಕದ್ದು ತಂದುಕೊಟ್ಟಿದ್ದಾರೆ ಎಂದು ಗೊತ್ತಾದ ಮಗುವಿನ ನಗು.

"ಚಿಕ್ಕಪ್ಪ ಒಳ್ಳೇವ್ನು ಕಣೇ" ಎಂದಳು. "ಮನೇಲಿ ಹೇಳ್ಬೇಡ, ಅಜ್ಜಿ ಅವನ ಚರ್ಮ ಸುಲೀತಾಳೆ." ಹೇಳಿ, ಲೋಟದ ನೀರನ್ನು ಗಟಗಟ ಕುಡಿದಳು.

ನೀರು ಕಾಯಿಸಿ ಕೊಡಿ ಎಂದು ಕೇಳಲು ನಮಗೆ ನಾಚಿಕೆ. ಕೇಳಿದರೂ ಆ ಬಿಸಿಲಿನಲ್ಲಿ ಬಿಸಿನೀರು ಯಾರು ಕುಡಿಯುತ್ತಿದ್ದರು? ಒಂದು ವಾರದ ಬಳಿಕ ಒಬ್ಬ ಹುಡುಗನಿಗೆ ಜ್ವರ ಬಂದು ಅವನ ಮನೆಯವರು ಬಂದು ಕರೆದೊಯ್ದರು. ಆಮೇಲೆ ಇನ್ನೊಬ್ಬಳನ್ನು. ಬಿಸಿಲಿನ ಝಳ ಎಂದರು ಮೇಷ್ಟ್ರುಗಳು. ರಾತ್ರಿ ಸಾಲಾಗಿ ಹಾಸಿದ ಚಾಪೆಗಳ ನಡುವೆ ಖಾಲಿ ಜಾಗಗಳು ಕಾಣತೊಡಗಿದವು. ನಾನು ಅಕ್ಕನ ಮೈಗೆ ಅಂಟಿಕೊಂಡು ಮಲಗುತ್ತಿದ್ದೆ. ಶಿಬಿರ ಮುಗಿಯುವ ಹಿಂದಿನ ರಾತ್ರಿ ಅವಳ ಮೈ ಸುಡುತ್ತಿತ್ತು. ಹೇಳಲಾ ಎಂದೆ. ಹೇಳಿದ್ರೆ ನಾಟಕದಿಂದ ತೆಗೀತಾರೆ, ನಾಳೆ ಒಂದು ದಿನ ಎಂದು ನನ್ನ ಬಾಯಿಗೆ ಕೈ ಇಟ್ಟಳು. ಅಂಗೈ ಒಲೆಯ ಹಂಚಿನ ಹಾಗಿತ್ತು.

ಮಾರನೆಯ ಸಂಜೆ ಅವಳು ರಾಣಿಯಾದಳು. ಕಾಗದದ ಕಿರೀಟ, ಯಾರದೋ ತಾಯಿಯ ರೇಷ್ಮೆ ಸೀರೆ, ಜ್ವರದಿಂದ ಕೆಂಪಾದ ಕೆನ್ನೆ. ಬಣ್ಣವೇ ಬೇಡ ಇವಳಿಗೆ ಎಂದರು ಮೇಷ್ಟ್ರು. ಊರವರು ಗ್ಯಾಸ್‌ಲೈಟಿನ ಬೆಳಕಿನಲ್ಲಿ ನೆಲದ ಮೇಲೆ ಕೂತಿದ್ದರು. ಅವಳು ಒಂದು ಮಾತೂ ತಪ್ಪಲಿಲ್ಲ. ಶತ್ರುಗಳು ಬಂದಿದ್ದಾರೆ, ಬಾಗಿಲು ಹಾಕಿ ಎಂದು ಅವಳು ಕೂಗಿದಾಗ ಮುಂದಿನ ಸಾಲಿನ ಮುದುಕಿಯೊಬ್ಬಳು ನಿಜವಾಗಿ ತಿರುಗಿ ನೋಡಿದಳು. ಚಪ್ಪಾಳೆ ಬಿದ್ದಾಗ ಅಕ್ಕ ನನ್ನನ್ನು ಹುಡುಕಿ, ನನ್ನ ಕಡೆಗೇ ನೋಡಿ ನಕ್ಕಳು. ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ತುಮಕೂರಿಗೆ ಬಂದು ಇಳಿದಾಗ ಅವಳಿಗೆ ನಿಲ್ಲಲಾಗುತ್ತಿರಲಿಲ್ಲ. ಅಮ್ಮ ಕಷಾಯ ಮಾಡಿದಳು, ದೃಷ್ಟಿ ತೆಗೆದಳು. ಜ್ವರ ಇಳಿದಂತೆ ಮಾಡಿ ಏರಿತು. ಆಸ್ಪತ್ರೆಗೆ ಒಯ್ದಾಗ ಟೈಫಾಯಿಡ್ ಎಂದರು, ಕರುಳಿಗೆ ಹೋಗಿದೆ ಎಂದರು, ತಡವಾಯಿತು ಎಂದರು. ಅಜ್ಜಿಯೂ ಚಿಕ್ಕಪ್ಪನೂ ಗುಬ್ಬಿಯಿಂದ ಬಂದು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತರು. ಅವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಳಗೆ ಹೋಗಿ ನೋಡು ಎಂದು ಅಪ್ಪ ಎಷ್ಟು ಹೇಳಿದರೂ ಚಿಕ್ಕಪ್ಪ ಏಳಲಿಲ್ಲ. ಮುಂಗಾರಿನ ಮೊದಲ ಮೋಡ ಕವಿದ ಒಂದು ಮಧ್ಯಾಹ್ನ ಅಕ್ಕ ಹೋದಳು. ನನ್ನನ್ನು ಆಗ ಪಕ್ಕದ ಮನೆಯವರು ಊಟಕ್ಕೆ ಕೂರಿಸಿದ್ದರು.

ಹನ್ನೊಂದನೆಯ ದಿನದ ಕಾರ್ಯ ಗುಬ್ಬಿಯಲ್ಲಾಯಿತು. ಕಾರ್ಯ ಮಾಡಿಸಿದ ಅಯ್ಯನವರು ಹೋದರು, ನೆಂಟರು ಹೋದರು. ನಡುಮನೆಯಲ್ಲಿ ನಾವೇ ಉಳಿದೆವು. ಚಿಕ್ಕಪ್ಪ ಗೋಡೆಗೆ ಒರಗಿ ಕೂತವನು ಇದ್ದಕ್ಕಿದ್ದಂತೆ ಹೇಳಿದ.

"ಆ ನೀರು ಅಲ್ಲೀದಲ್ಲ ಅವ್ವ. ಅಲ್ಲೀದು ಸವಳು, ನಾನು ಕುಡಿದು ನೋಡ್ದೆ. ತಂದಿದ್ರೆ ನೀನು ಸುರೀತಿದ್ದೆ. ದಾರೀಲಿ ಚೆಲ್ಬುಟ್ಟು, ನಮ್ಮ ಹಿತ್ಲು ಬಾವೀಲೆ ತುಂಬ್ಸಿದೆ. ಮಗೀಗೆ ಕೊನೇ ಸಲ, ಹೋಗ್ಲಿ ಅಂತ."

ಅಪ್ಪ ಏನೋ ಹೇಳಲು ಬಾಯಿ ತೆರೆದರು. ಅಜ್ಜಿ ಅವರನ್ನು ಕೈಯಲ್ಲೇ ತಡೆದಳು. ಅವಳು ಚಿಕ್ಕಪ್ಪನ ಹತ್ತಿರ ಜರುಗಿ ಕೂತು, ಮಗುವಿಗೆ ಹೇಳುವ ಹಾಗೆ ಹೇಳಿದಳು.

"ನಂಗೊತ್ತಿತ್ತು ಕಣಪ್ಪ. ಮದ್ವೆಯಾಗಿ ಬಂದಾಗಿಂದ ಕುಡ್ದಿರೋ ನೀರು, ಬಾಯಿಗಿಟ್ರೆ ಗೊತ್ತಾಗಾಕಿಲ್ವ? ಮಗು ಕೈ ಮುಗ್ಕಂಡು ಕೂತಿತ್ತು. ಅದರ ಮಕ ನೋಡ್ದೆ. ಬೆಂದದೆ ಅಂದ್ಬುಟ್ಟೆ."

ಚಿಕ್ಕಪ್ಪನ ತಪ್ಪನ್ನು ತಾನೂ ಹೊತ್ತುಕೊಂಡೆ ಎಂದು ಅಜ್ಜಿ ತಿಳಿದಿರಬೇಕು. ಅಮ್ಮನಿಗೆ ಕೇಳಿಸಿದ್ದು ಬೇರೆ. ಅವಳು ಮೂಲೆಯಿಂದ ಎದ್ದು ನಿಂತಳು. ಅಳುತ್ತಿರಲಿಲ್ಲ.

"ನಿಮಗೂ ಗೊತ್ತಿತ್ತಾ ಅತ್ತೆ? ನನಗೊಬ್ಬಳಿಗೆ ಗೊತ್ತಿರಲಿಲ್ವಾ?"

ಅಮ್ಮ ನನ್ನ ಕೈ ಹಿಡಿದು ಹೊರಗೆ ಬಂದಳು. ನನ್ನ ಬಟ್ಟೆಯ ಗಂಟು ಅಲ್ಲೇ ಉಳಿಯಿತು, ಮರಳಿ ತರಲು ಯಾರೂ ಹೋಗಲಿಲ್ಲ. ಅಲ್ಲಿಂದ ಮುಂದೆ ಅಪ್ಪ ಒಬ್ಬರೇ ಗುಬ್ಬಿಗೆ ಹೋಗಿಬರುತ್ತಿದ್ದರು, ಹೋಗಿದ್ದೆ ಎಂದು ನಮ್ಮ ಮುಂದೆ ಹೇಳುತ್ತಿರಲಿಲ್ಲ. ಶಿಬಿರದ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ರಜೆಯಲ್ಲಿ ನನ್ನನ್ನು ಕುಣಿಗಲಿಗೆ ಕಳಿಸುತ್ತಿದ್ದರು. ಚಿಕ್ಕಪ್ಪ ಮದುವೆಯಾಗಲಿಲ್ಲ. ಅವನು ಆಸ್ಪತ್ರೆಯ ಡಾಕ್ಟರನ್ನು ಹುಡುಕಿಕೊಂಡು ಹೋಗಿ ಕೇಳಿದ್ದನಂತೆ. ಬೇಳೆ ಬೇಯುವುದಕ್ಕೂ ಈ ಜ್ವರಕ್ಕೂ ಸಂಬಂಧವೇ ಇಲ್ಲ ಸ್ವಾಮಿ, ಬೇಳೆ ಬೆಣ್ಣೆಯಾಗುವ ಸಿಹಿನೀರಿನಲ್ಲೂ ಈ ಕ್ರಿಮಿ ಇರುತ್ತದೆ, ಅದೇ ನೀರು ಕುಡಿದ ನಿಮ್ಮ ಇನ್ನೊಂದು ಮಗು ಚೆನ್ನಾಗಿಲ್ಲವೇ ಎಂದರಂತೆ ಅವರು. ಹಾಗಾದರೆ ಅಜ್ಜಿಯ ಪದ್ಧತಿಯೇ ಸುಳ್ಳೇ? ದೇವರಾಯನದುರ್ಗದಿಂದ ನಾವು ಸುಖವಾಗಿ ಬಂದದ್ದು ಬರಿಯ ಅದೃಷ್ಟವೇ? ಇದನ್ನು ನಂಬಿದ್ದರೆ ಚಿಕ್ಕಪ್ಪನ ಎದೆಯ ಭಾರ ಇಳಿಯುತ್ತಿತ್ತು. ಅವನು ನಂಬಲಿಲ್ಲ. ನಾನೂ ಪೂರ್ತಿ ನಂಬಿಲ್ಲ, ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ ನೀವೂ ನಂಬುತ್ತಿರಲಿಲ್ಲ. ಅಪ್ಪ ಒಮ್ಮೆ ಬಾಯಿತಪ್ಪಿ ಹೇಳಿದರು, ಗುಬ್ಬಿ ಮನೆಯಲ್ಲಿ ಈಗ ಸದ್ದೇ ಇಲ್ಲ, ಅವ್ವ ರುದ್ರನ್ನ ಬನ್ನಿ ಕೂತ್ಕೊಳ್ಳಿ ಊಟ ಮಾಡಿ ಅಂತ ಬಹುವಚನದಲ್ಲಿ ಮಾತಾಡಿಸ್ತಾಳೆ ಎಂದು.

ನಾನು ಕಾಲೇಜಿಗೆ ಸೇರಿದ ವರ್ಷ ಅಜ್ಜಿ ತೀರಿಕೊಂಡಳು. ಅಮ್ಮ ಬರುವುದಿಲ್ಲವೆಂದೇ ನಾವು ತಿಳಿದಿದ್ದೆವು, ಅವಳೇ ಮೊದಲು ಸೀರೆ ಬದಲಿಸಿ ನಿಂತಳು. ಮಣ್ಣು ಮುಗಿಸಿ ಅಪ್ಪ ಅಲ್ಲೇ ಉಳಿದರು, ನಾನೂ ಅಮ್ಮನೂ ಸಂಜೆ ತುಮಕೂರಿನ ಬಸ್ಸು ಹತ್ತಿದೆವು. ಬಸ್ಸು ಊರು ದಾಟುವವರೆಗೂ ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು.

"ಸರೋಜ ಹೋದ ಮುಂದಿನ ವರ್ಷ ರುದ್ರಪ್ಪ ಒಂದು ದಿನ ನಮ್ಮ ಬಾಗಿಲಿಗೆ ಬಂದಿದ್ದ. ನೀನು ಸ್ಕೂಲಿಗೆ ಹೋಗಿದ್ದೆ. ಅವ್ವ ಒಂದೇ ಮಾತು ಕೇಳ್ಕಂಡು ಬಾ ಅಂದವ್ಳೆ ಅತ್ಗೆ, ಮಗು ಅಲ್ಲಿ ಕುಸಿಯಾಗಿತ್ತಾ ಅಂತ ಪುಟ್ಟೀನ ಕೇಳ್ಬೇಕಂತೆ ಅಂದ. ನಾನು ಬಾಗಿಲು ಹಾಕ್ಬಿಟ್ಟೆ. ಹೊರಗೆ ತುಂಬ ಹೊತ್ತು ನಿಂತಿದ್ದ. ನಿನಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ."

ಅಮ್ಮ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಈಗ ಹೇಳು. ಖುಷಿಯಾಗಿದ್ಲೇನೇ?"

ಅಷ್ಟು ವರ್ಷ ಯಾರೂ ನನ್ನನ್ನು ಆ ಶಿಬಿರದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ನಾನು ಹೇಳತೊಡಗಿದೆ. ಕೋಟೆ ಹತ್ತುವಾಗ ಅವಳು ಎಲ್ಲರಿಗಿಂತ ಮುಂದೆ ಇದ್ದದ್ದು, ಹೊಸ ಗೆಳತಿಯರಿಗೆ ಜಡೆ ಹಾಕಿದ್ದು, ಕಿರೀಟ ಜಾರಿದಾಗ ಕತ್ತು ಅಲುಗಿಸದೆ ಕೈಯಿಂದ ಸರಿಮಾಡಿಕೊಂಡದ್ದು, ಚಪ್ಪಾಳೆಯಲ್ಲಿ ನನ್ನನ್ನು ಹುಡುಕಿ ನಕ್ಕದ್ದು. ಅಮ್ಮ ನಡುವೆ ಒಮ್ಮೆ ನಕ್ಕಳು. ಅವಳ ನಗುವನ್ನೇ ಮರೆತಿದ್ದ ನನಗೆ ಅದು ಬೇರೆ ಯಾರದೋ ಧ್ವನಿಯೆನಿಸಿತು. ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ಅಮ್ಮ ಇಳಿದವಳು ಮನೆಯ ದಾರಿ ಹಿಡಿಯದೆ, ಗುಬ್ಬಿಗೆ ಮುಂದಿನ ಬಸ್ಸು ಯಾವಾಗ ಎಂದು ವಿಚಾರಿಸಿದಳು.

ಚಿಕ್ಕಪ್ಪ ಜಗಲಿಯಲ್ಲಿ ಕೂತಿದ್ದ. ನಮ್ಮನ್ನು ನೋಡಿ ಗಾಬರಿಯಿಂದ ಎದ್ದ. ಅವನ ತಲೆಯೆಲ್ಲ ನೆರೆತಿತ್ತು. "ಕೂತ್ಕೋ ರುದ್ರಪ್ಪ" ಎಂದಳು ಅಮ್ಮ, "ಇವಳು ನಿನಗೊಂದು ಮಾತು ಹೇಳ್ಬೇಕು." ನಾನು ಮತ್ತೆ ಮೊದಲಿನಿಂದ ಹೇಳಿದೆ, ಏನನ್ನೂ ಬಿಡದೆ. ಚಿಕ್ಕಪ್ಪ ತಲೆ ತಗ್ಗಿಸಿ ಕೇಳಿದ, ಅಮ್ಮ ಎರಡನೆಯ ಸಲ ಕೇಳಿದಳು, ಅಪ್ಪ ಬಾಗಿಲಿಗೆ ಬಂದು ನಿಂತು ಕೇಳಿದರು. ಕೇಳಿ ಕಳಿಸಿದ್ದ ಅಜ್ಜಿ ಮಾತ್ರ ಅಂದು ಮಧ್ಯಾಹ್ನವೇ ಮಣ್ಣು ಸೇರಿದ್ದಳು.